ಕೋಳಿಗೂಡಿನ ಆಪಿಯಾ

ಆ ಬೆಳಿಗ್ಗೆ ಮೋದಿಲ್ಯಾನಾ ಊರಿನ ಚೌಕದಲ್ಲಿ ಸಾಲಾಗಿ ನಿಂತಿದ್ದ ಹಳೆಯ ಕಾರುಗಳಲ್ಲಿ ಕೋಳಿಗೂಡಿನಿಂದ ಎದ್ದು ಬಂದದ್ದು ಒಂದೇ ಒಂದು, ಡೆರ್ನಾಳ ಆಪಿಯಾ. ಮಿಕ್ಕವೆಲ್ಲ ದೊಡ್ಡ ಮನೆತನದ ಕಾರುಗಳು, ಹುಟ್ಟಿದಾಗಿನಿಂದ ಹೊದಿಕೆಯಡಿ ಮಲಗಿ ಬೆಳೆದವು. ಆಪಿಯಾ ಕೂಡ ಹೊಳೆಯುತ್ತಿತ್ತು, ಸುಳ್ಳು ಹೇಳಬಾರದು. ಬೂದು ಬಣ್ಣ, ಬೆಳ್ಳಗಿನ ಸ್ಟೀರಿಂಗು, ಎದುರುಬದುರು ತೆರೆದುಕೊಳ್ಳುವ ನಾಲ್ಕು ಬಾಗಿಲು. ಆದರೆ ಬಿಸಿಲೇರಿದ ಕೂಡಲೇ ಹಿಂದಿನ ಸೀಟಿನ ಸಂದಿಯಿಂದ ಕೋಳಿಹಿಕ್ಕೆಯ ವಾಸನೆ ಮೆಲ್ಲಗೆ ಏಳುತ್ತಿತ್ತು. ಎಷ್ಟು ವಿನೆಗರ್ ಸುರಿದು ಉಜ್ಜಿದರೂ ಅದು ಹೋಗಿರಲಿಲ್ಲ. ಹೋಗದಿದ್ದರೆ ಬೇಡ, ಇರಲಿ ಬಿಡು ಎಂದು ಡೆರ್ನಾ ಕೈಬಿಟ್ಟಿದ್ದಳು.

ಅವಳ ಚಿಂತೆ ವಾಸನೆಯದಲ್ಲ. ಪಕ್ಕದ ಸೀಟಿನಲ್ಲಿ ತುಟಿ ಹೊಲಿದುಕೊಂಡವನ ಹಾಗೆ ಕೂತಿದ್ದ ಗಂಡನದು.

ಲಿಬೆರೋ ಆಯುಷ್ಯವೆಲ್ಲ ಈ ಕಣಿವೆಯ ಬಸ್ಸು ಓಡಿಸಿದವನು. ರಜೆ ಬಂದರೆ ಹಳೆಯ ಕಾರುಗಳ ರ್‍ಯಾಲಿ. ಅವನು ಓಡಿಸುವುದು, ಡೆರ್ನಾ ಪಕ್ಕದಲ್ಲಿ ಕೂತು ಸೆಕೆಂಡು ಎಣಿಸುವುದು. ಎಷ್ಟೋ ವರ್ಷ ಯಾರ್‍ಯಾರದೋ ಕಾರು ಎರವಲು ತಂದು ಓಡಿಸಿದ ಮೇಲೆ, ಒಬ್ಬ ಸೋದರಸಂಬಂಧಿಯ ಕೋಳಿಗೂಡಿನಲ್ಲಿ ಈ ಆಪಿಯಾ ಸಿಕ್ಕಿತ್ತು. ಎಂಜಿನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಾಗಲೇ ಅವನಿಗೆ ಲಕ್ವ ಹೊಡೆದದ್ದು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು. ಅದೆಲ್ಲ ಹೋಗಲಿ ಎಂದರೆ ಮಾತು ಕೈಕೊಟ್ಟಿತು. ಮನಸ್ಸಿನಲ್ಲಿ ಒಂದು ಪದ, ಬಾಯಿಂದ ಬರುವುದು ಮತ್ತೊಂದು. ಉಪ್ಪು ಕೇಳಲು ಹೋದರೆ ಭಾನುವಾರ ಎನ್ನುತ್ತಿದ್ದ. ತಾನು ತಪ್ಪು ಹೇಳಿದೆ ಎಂದು ಅವನಿಗೇ ಗೊತ್ತಾಗುತ್ತಿತ್ತು, ಸಂಕಟ ಅದೇ.

ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಚೌಕದ ಕಾಫಿ ಬಾರಿಗೆ ಹೋಗಿ, ಕಾಫಿ ಕೇಳಲು ಬಾಯಿ ತೆರೆದ. ಬಂದದ್ದು, "ಒಂದು ಏಣಿ ಕೊಡು."

ಅವನ ಹಿಂದೆ ನಿಂತಿದ್ದವನು ಗಾಸ್ತೋನೆ. ಕೆಂಪು ಜೂಲಿಯೆತ್ತಾ ಕಾರಿನ ಒಡೆಯ, ಲಿಬೆರೋನ ಶಾಲೆಯ ಗೆಳೆಯ, ರ್‍ಯಾಲಿಯಲ್ಲಿ ಹಳೆಯ ಎದುರಾಳಿ. ಅವನಿಗೆ ಇದು ಕಾಯಿಲೆಯ ಮಾತು ಎಂದು ಹೊಳೆಯಲಿಲ್ಲ. ತಮಾಷೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕ. "ಏಣಿ ಹತ್ತಿ ಎಲ್ಲಿಗೆ ಹೊರಟೆಯೋ ಮಾರಾಯ, ಸ್ವರ್ಗಕ್ಕಾ?" ಬಾರಿಗೆ ಬಾರೇ ನಕ್ಕಿತು. ಲಿಬೆರೋ ಟೋಪಿ ಹಾಕಿಕೊಂಡು ಹೊರಗೆ ಬಂದ. ಆಮೇಲೆ ಮನೆಯವರನ್ನು ಬಿಟ್ಟು ಬೇರೆ ಯಾರ ಎದುರೂ ಅವನು ಒಂದು ಮಾತೂ ಆಡಲಿಲ್ಲ. ಗಾಸ್ತೋನೆಗೆ ಸಂಗತಿ ತಿಳಿದಾಗ ಮುಖ ಕಪ್ಪಿಟ್ಟಿತಂತೆ. ಆದರೆ ಬಂದು ತಪ್ಪಾಯಿತು ಎನ್ನುವುದಕ್ಕೂ ಒಂದು ಎದೆ ಬೇಕಲ್ಲ. ಇವರ ಮನೆ ಬೇಲಿಯ ಮೇಲೆ ಚೆರ್‍ರಿ ಹಣ್ಣಿನ ಬುಟ್ಟಿ ಇಟ್ಟು ಓಡಿಹೋಗುತ್ತಿದ್ದ, ಕಳ್ಳನ ಹಾಗೆ.

ಕಾರನ್ನು ಗಂಡಹೆಂಡಿರು ಇಬ್ಬರೇ ಸೇರಿ ಕಟ್ಟಿದರು. ಅವನು ಎಡಗೈಯ ಬೆರಳು ತೋರಿಸುವುದು, ಅವಳು ಸ್ಪ್ಯಾನರ್ ತಿರುಗಿಸುವುದು. ತಪ್ಪಾದರೆ ಅವನು ಮೇಜು ಗುದ್ದುತ್ತಿದ್ದ. ಕಾರು ಓಡಿದ ದಿನ ಡೆರ್ನಾ ಅವನನ್ನು ಕೇಳದೆಯೇ ರ್‍ಯಾಲಿಗೆ ಹೆಸರು ಕೊಟ್ಟು ಬಂದಳು: ಓಡಿಸುವುದು ಡೆರ್ನಾ, ಎಣಿಸುವುದು ಲಿಬೆರೋ.

ಮನೆಯಲ್ಲಿ ರಾಮಾಯಣವೇ ಆಯಿತು. ಕೊನೆಗೆ ಅವನು ಒಂದೊಂದೇ ಪದ ಹೆಕ್ಕಿ ಹೇಳಿದ್ದಿಷ್ಟು. "ಒಂದ್ಸಲ. ಕೆಟ್ರೆ... ಕಾರು... ಕೋಳಿಗೆ. ನಾನು... ಮನೆ. ಕರೀಬೇಡ."

ಕೆಟ್ಟರೆ ಕಾರು ವಾಪಸು ಕೋಳಿಗೂಡಿಗೆ, ತಾನು ಮನೆಯೊಳಗೆ, ಮತ್ತೆ ಜನರ ನಡುವೆ ತನ್ನನ್ನು ಎಳೆಯಕೂಡದು. ಡೆರ್ನಾ ಒಪ್ಪಿಕೊಂಡಿದ್ದಳು. ಅವಳಿಗೆ ಬೇಕಿದ್ದದ್ದು ಬಹುಮಾನವಲ್ಲ. ಊಟದ ಮೇಜಿನಲ್ಲಿ ತನ್ನ ಜತೆ ಜಗಳವಾಡುತ್ತಿದ್ದ ಗಂಡ ಬೇಕಿತ್ತು.

"ಏನು ಡ್ರೈವರಮ್ಮ!" ಗಾಸ್ತೋನೆ ಅವಳ ಕಿಟಕಿಗೆ ಬಂದು ಬಗ್ಗಿದ. ಲಿಬೆರೋನ ಕಡೆ ನೋಡಲಾರದೆ ಮುಖವನ್ನು ಬೇಕೆಂದೇ ಅವಳತ್ತ ತಿರುಗಿಸಿಕೊಂಡಿದ್ದ. "ವಾಲ್ಟ್ಸ್ ಕುಣಿಯೋಕೇ ಕಾಲಲ್ಲಿ ತಾಳ ಇಲ್ಲ ನಿಂಗೆ. ಕ್ಲಚ್ಚು ತುಳೀತೀಯಾ?"

"ನಿನ್ನ ಕಾಲು ತುಳಿದಿದ್ದು ಬೇಕೂಂತಲೇ ಕಣೋ. ಹೋಗು, ನಿನ್ನ ಕೆಂಪು ಡಬ್ಬಿಗೆ ನೀರು ಹಾಕ್ಕೋ."

ಗಾಸ್ತೋನೆ ನಕ್ಕು ಹೋದ. ಲಿಬೆರೋ ಎದುರಿನ ಗಾಜನ್ನೇ ದಿಟ್ಟಿಸುತ್ತಿದ್ದ.

ಈ ರ್‍ಯಾಲಿಗಳಲ್ಲಿ ಜೋರಾಗಿ ಹೋದವನಿಗೆ ಏನೂ ಸಿಗುವುದಿಲ್ಲ. ರಸ್ತೆಗೆ ಅಡ್ಡಲಾಗಿ ತೆಳ್ಳಗಿನ ರಬ್ಬರ್ ಕೊಳವೆ ಹಾಸಿರುತ್ತಾರೆ. ಹೇಳಿದಷ್ಟು ಸೆಕೆಂಡಿಗೆ ಸರಿಯಾಗಿ ಮುಂದಿನ ಗಾಲಿ ಅದರ ಮೇಲೆ ಬೀಳಬೇಕು. ಬೇಗ ಬಿದ್ದರೂ ದಂಡ, ತಡವಾದರೂ ದಂಡ. ಸೆಕೆಂಡಿನ ನೂರನೇ ಒಂದು ಪಾಲಿಗೂ ಲೆಕ್ಕ ಇಡುವ ಜನ. ಅದಕ್ಕೇ ಪಕ್ಕದ ಸೀಟಿನವರು ಗಡಿಯಾರ ಹಿಡಿದು ಐದು, ನಾಲ್ಕು, ಮೂರು, ಎರಡು, ಒಂದು, ಸೊನ್ನೆ ಎಂದು ಇಳಿಸುತ್ತ ಬರುತ್ತಾರೆ. ಸೊನ್ನೆಗೆ ಗಾಲಿ ಬೀಳುತ್ತದೆ. ಅಪ್ಪಂದಿರು ಹಾಗೆ ಇಳಿಸಿದರು, ಮಕ್ಕಳು ಹಾಗೆ ಇಳಿಸುತ್ತಾರೆ. ಈ ಕಣಿವೆಯಲ್ಲಿ ಕುದಿಯುವ ಪಾತ್ರೆಯಿಂದ ತಲ್ಯಾತೆಲ್ಲೆ ಶಾವಿಗೆ ಎತ್ತುವಾಗಲೂ ಇಳಿಸಿ ಎಣಿಸಿ ಸೊನ್ನೆಗೇ ಎತ್ತುವ ಮನೆಗಳಿವೆ.

ಚಳಿಗಾಲವೆಲ್ಲ ಅಡುಗೆಮನೆಯಲ್ಲಿ ಕೂತು ಲಿಬೆರೋ ಇದನ್ನೇ ಕಲಿತಿದ್ದ. ಮೊದಮೊದಲು ಐದು, ಎಂಟು, ಮೂರು, ಮಂಗಳವಾರ ಎಂದೆಲ್ಲ ಆಗುತ್ತಿತ್ತು. ಬರಬರುತ್ತ ಸರಿಹೋಯಿತು. ಕಳೆದ ವಾರವಂತೂ ಒಂದೂ ತಪ್ಪಿರಲಿಲ್ಲ.

ಆದರೆ ಅಡುಗೆಮನೆ ಬೇರೆ, ಊರು ಬೇರೆ. ಮರ್‍ರಾದಿಯ ದಾರಿಯಲ್ಲಿ ಮೊದಲ ಕೊಳವೆ ಬಂತು. ಬೇಲಿಯ ಪಕ್ಕ ಜನ ನಿಂತಿದ್ದರು. ಹೂಬಿಟ್ಟ ಅಕೇಶಿಯಾ ಮರದ ಕೆಳಗೆ ಇಬ್ಬರು ಅಧಿಕಾರಿಗಳು ಗಡಿಯಾರದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಕಿಟಕಿಗಳು ತೆರೆದಿದ್ದವು. ಡೆರ್ನಾ ಕ್ಲಚ್ಚನ್ನು ಅರ್ಧಕ್ಕೆ ಹಿಡಿದು ಕಾರನ್ನು ತೆವಳಿಸಿದಳು.

"ಐದು," ಅಂದ ಲಿಬೆರೋ. "ಮೂರು. ಆರು. ನಾ... ಐದು..."

ಗಾಲಿ ಯಾವಾಗ ಬಿತ್ತೋ ದೇವರಿಗೇ ಗೊತ್ತು. ಬೇಲಿಯ ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ಬಹುಶಃ ಬೇರೆ ಯಾವುದಕ್ಕೋ ನಕ್ಕಿದ್ದಿರಬಹುದು, ಆದರೆ ಲಿಬೆರೋನ ಕುತ್ತಿಗೆ ಕೆಂಪಗಾಯಿತು.

"ಪರವಾಗಿಲ್ಲ, ಪರವಾಗಿಲ್ಲ. ಮೊದಲನೇದಲ್ವಾ," ಅಂದಳು ಡೆರ್ನಾ.

ಎರಡನೆಯದೂ ಹಾಗೇ ಆಯಿತು, ಮೂರನೆಯದು ಅದಕ್ಕಿಂತ ಕೆಟ್ಟಿತು. ನಾಲ್ಕನೆಯ ಕೊಳವೆಗೆ ಬರುವಾಗ ಅವಳಿಂದ ಒಂದು ತಪ್ಪಾಯಿತು. ಅಭ್ಯಾಸಬಲ, ಅಷ್ಟು ವರ್ಷ ಅವಳೇ ಎಣಿಸಿದ್ದಲ್ಲವೇ! ಅವನು ಐದು ಎಂದು ತಡವರಿಸುತ್ತಿರುವಾಗಲೇ ಅವಳ ಬಾಯಿ ತನಗೆ ತಾನೇ ನಾಲ್ಕು, ಮೂರು, ಎರಡು, ಒಂದು, ಸೊನ್ನೆ ಎಂದು ಇಳಿಸಿಬಿಟ್ಟಿತು. ಗಾಲಿ ಸರಿಯಾಗಿ ಬಿತ್ತು. ಅಧಿಕಾರಿ ಹೆಬ್ಬೆರಳೆತ್ತಿ ತೋರಿಸಿದ.

ಲಿಬೆರೋ ಗಡಿಯಾರವನ್ನು ಅವಳ ತೊಡೆಯ ಮೇಲಿಟ್ಟ. "ನೀನೇ," ಅಂದ. ಆಮೇಲೆ ಕಿಟಕಿಯತ್ತ ತಿರುಗಿ ಕೂತ.

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ ಎಂದು ಡೆರ್ನಾ ತನ್ನನ್ನೇ ಬೈದುಕೊಂಡಳು. ಕ್ಷಮೆ ಕೇಳಿದಳು, ಗದರಿದಳು, ಕಾಡಿಬೇಡಿದಳು. ಅವನು ದಾರಿ ಕವಲಾದ ಕಡೆಯಲ್ಲೆಲ್ಲ ಎಡಗೈ ಬೆರಳೆತ್ತಿ ತೋರಿಸುತ್ತಿದ್ದ. ಈ ಕಣಿವೆಯ ರಸ್ತೆ ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಬಾಯಿ ಬಿಡಲಿಲ್ಲ. ಮುಂದಿನ ಕೊಳವೆಗಳನ್ನೆಲ್ಲ ಅವಳೊಬ್ಬಳೇ ಎಣಿಸಿ, ಒಬ್ಬಳೇ ತುಳಿದು ದಾಟಿದಳು. ಒಂದಕ್ಕಿಂತ ಒಂದು ಚೆನ್ನಾಗಿ ಬಂದವು. ಅವಳಿಗೆ ಅಳುವೇ ಬರುತ್ತಿತ್ತು.

ಮಧ್ಯಾಹ್ನದ ಊಟ ತ್ರೆದೋತ್ಸಿಯೋದಲ್ಲಿ. ಚರ್ಚಿನ ಪಕ್ಕದ ಅಂಗಳದಲ್ಲಿ ಉದ್ದ ಮೇಜುಗಳು, ಊರಿನ ಹೆಂಗಸರು ಕಾವಲಿಯ ಮೇಲೆ ಪಿಯಾದಾ ರೊಟ್ಟಿ ಬೇಯಿಸಿ ಬಿಸಿಬಿಸಿಯಾಗಿ ಹಂಚುತ್ತಿದ್ದರು. ಮೂಲೆಯಲ್ಲಿ ಒಬ್ಬ ಮುದುಕ ಅಕಾರ್ಡಿಯನ್ ನುಡಿಸುತ್ತ ಕೂತಿದ್ದ. ಲಿಬೆರೋ ಎಲ್ಲರಿಗೂ ಬೆನ್ನು ಹಾಕಿ ಗೋಡೆಯ ಪಕ್ಕದ ಕುರ್ಚಿ ಹಿಡಿದ. ತಟ್ಟೆ ಮುಟ್ಟಲಿಲ್ಲ.

"ಮನೆಗೆ," ಅಂದ.

"ಇನ್ನೂ ಅರ್ಧ ದಾರಿ ಇದೆಯಲ್ಲೋ."

"ಮನೆಗೆ. ಕಾರು... ಕೋಳಿಗೆ."

ಡೆರ್ನಾ ಅವನ ಲೋಟಕ್ಕೆ ನೀರು ಸುರಿಯುತ್ತಿದ್ದಾಗ ಗಾಸ್ತೋನೆ ಬಂದ. ಟೋಪಿ ತೆಗೆದ, ಹಾಕಿಕೊಂಡ, ಲಿಬೆರೋನ ಬೆನ್ನು ನೋಡಿದ. ಕೊನೆಗೆ ಬಾಯಿಗೆ ಬಂದದ್ದನ್ನು ಒದರಿದ. "ಬಾರೇ ಡೆರ್ನಾ, ಒಂದು ವಾಲ್ಟ್ಸ್ ಹಾಕೋಣ."

"ತಲೆ ಕೆಟ್ಟಿದೆಯಾ ನಿಂಗೆ? ಈಗ್ಲಾ?"

"ಬಾ ಅಂದ್ರೆ," ಎಂದು ಅವಳ ಕೈ ಹಿಡಿದು ಎಳೆದೇಬಿಟ್ಟ.

ಡೆರ್ನಾಗೆ ಕುಣಿತ ಬಾರದು ಎಂಬುದು ಮೂರು ಕಣಿವೆಗೂ ತಿಳಿದ ವಿಷಯ. ಮದುವೆಗೆ ಮುಂಚೆ ಅವಳಿಗೆ ವಾಲ್ಟ್ಸ್ ಕಲಿಸಲು ಹೋಗಿ ಲಿಬೆರೋ ಎರಡು ಜೊತೆ ಷೂ ಹಾಳುಮಾಡಿಕೊಂಡಿದ್ದ. ಅವನಾದರೋ ಸೊಗಸುಗಾರ. ಅವನು ನೆಲಕ್ಕಿಳಿದರೆ ಜನ ಜಾಗ ಬಿಡುತ್ತಿದ್ದರು. ಅವಳ ಕಿವಿಯಲ್ಲಿ ಎಣಿಸುತ್ತ ಎಣಿಸುತ್ತಲೇ ಅವನು ಸಂಸಾರವಿಡೀ ಕುಣಿದದ್ದು. ಈಗ ಎಣಿಸುವವರಿಲ್ಲದೆ ಡೆರ್ನಾ ಎರಡನೇ ಸುತ್ತಿಗೇ ಗಾಸ್ತೋನೆಯ ಪಾದ ತುಳಿದಳು. ಮೂರನೇ ಸುತ್ತಿಗೆ ಮತ್ತೆ ತುಳಿದಳು. ಗಾಸ್ತೋನೆ ಅವಳನ್ನು ತಪ್ಪು ತಾಳಕ್ಕೆ ಎಳೆದ, ಅವಳು ಸರಿತಾಳಕ್ಕೆ ಎಳೆಯುತ್ತಿದ್ದೇನೆ ಎಂದುಕೊಂಡು ಇನ್ನೂ ಕೆಟ್ಟ ತಾಳಕ್ಕೆ ಎಳೆದಳು. ಇಬ್ಬರೂ ಮೇಜಿಗೆ ಹೋಗಿ ಢಿಕ್ಕಿ ಹೊಡೆದರು.

ಗೋಡೆಯ ಕಡೆಯಿಂದ ಕುರ್ಚಿ ಕಿರ್ರೆಂದಿತು. ಲಿಬೆರೋ ತಿರುಗಿ ಕೂತಿದ್ದ. ಅವನ ಮುಖದಲ್ಲಿ ಅಸಹ್ಯ ತುಂಬಿತ್ತು, ಒಳ್ಳೆಯ ಅಡುಗೆಯನ್ನು ಯಾರೋ ಕೆಡಿಸುವುದನ್ನು ನೋಡುವವನ ಹಾಗೆ. ಎಡಗೈಯಿಂದ ಮೇಜು ಗುದ್ದಿದ.

"ಒಂದು ಎರಡು ಮೂರು! ನಾಲ್ಕು ಐದು ಆರು! ಒಂದು ಎರಡು ಮೂರು! ನಾಲ್ಕು ಐದು ಆರು! ಕಾಲು, ಡೆರ್ನಾ, ಕಾಲು!"

ಅಷ್ಟು ಜನರ ನಡುವೆ, ಗಂಟಲು ಬಿಚ್ಚಿ. ಒಂದೂ ತಪ್ಪಿರಲಿಲ್ಲ.

ಡೆರ್ನಾ ನಿಂತಲ್ಲೇ ನಿಂತಳು. ಗಾಸ್ತೋನೆ ಈಗಲೂ ಕುಣಿಯುತ್ತಿದ್ದ, ಅವನಿಗೆ ಗೊತ್ತಾಗಿರಲಿಲ್ಲ. ಅವನನ್ನು ಅಲ್ಲೇ ಬಿಟ್ಟು ಅವಳು ಗಂಡನ ಹತ್ತಿರ ಓಡಿದಳು. ಎಂಥ ಬೆಪ್ಪುತನ! ಇಡೀ ಚಳಿಗಾಲ ಈ ಮನುಷ್ಯನನ್ನು ಮೆಟ್ಟಿಲು ಹಿಂದುಹಿಂದಾಗಿ ಇಳಿಸಿದ್ದೇನಲ್ಲ ನಾನು, ಮುಂದಕ್ಕೆ ಹತ್ತು ಎಂದು ಒಂದು ಸಲವಾದರೂ ಹೇಳಿದೆನೇ?

"ಲಿಬೆರೋ, ಇಳಿಸ್ಬೇಡ. ಏರಿಸು."

ಅವನು ಹುಬ್ಬು ಗಂಟಿಕ್ಕಿದ.

"ಒಂದರಿಂದ ಆರು. ಈಗ ಎಣಿಸಿದೆಯಲ್ಲ, ಹಾಗೇ. ಆರು ಅಂದಾಗ ನಾನು ಕೊಳವೆ ತುಳೀತೀನಿ."

"ತಪ್ಪು," ಅಂದ ಅವನು ತಕ್ಷಣ. "ರ್‍ಯಾಲಿ... ಸೊನ್ನೆ."

"ಯಾಕೆ ಸೊನ್ನೆ? ಪೋಪ್ ಹೇಳಿದ್ದಾರಾ?"

ಅವನು ಬಾಯಿ ತೆರೆದ. ಯೋಚಿಸಿದ. ಈ ಪ್ರಶ್ನೆಯನ್ನು ಅವನ ಜನ್ಮದಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ತಟ್ಟೆ ಎಳೆದುಕೊಂಡು ತಣ್ಣಗಾಗಿದ್ದ ಪಿಯಾದಾ ತಿನ್ನತೊಡಗಿದ.

ಗುಡ್ಡ ಹತ್ತುವ ದಾರಿಯಲ್ಲಿ ಮಧ್ಯಾಹ್ನದ ಮೊದಲ ಕೊಳವೆ. ಗಡಿಯಾರ ಅವನ ಎಡಗೈಯಲ್ಲಿತ್ತು. ಡೆರ್ನಾ ಕಾರನ್ನು ನಿಧಾನಿಸಿದಳು. ಅವನು ಅದನ್ನು ಕಣ್ಣಿನ ಹತ್ತಿರ ತಂದ. "ಒಂದು. ಎರಡು. ಮೂರು. ನಾಲ್ಕು. ಐದು. ಆರು."

ಸ್ಫಟಿಕದಂಥ ಎಣಿಕೆ! ಆದರೆ ಡೆರ್ನಾಳ ಕಾಲು ಸೊನ್ನೆಗಾಗಿ ಕಾಯುತ್ತ ಕೂತುಬಿಟ್ಟಿತು. ಅಷ್ಟು ವರ್ಷದ ರೂಢಿ ಸುಮ್ಮನೆ ಬಿಡುತ್ತದೆಯೇ? ಆರು ಬಂತು, ಹೋಯಿತು, ಕಾರು ಕೊಳವೆಯ ಈಚೆಯೇ ತೆವಳುತ್ತಿತ್ತು.

"ಆರು!" ಲಿಬೆರೋ ಕಿರುಚಿದ. "ಆರು ಅಂದೆ ಕಣೇ! ಆರು! ಕಿವಿ... ಕಿವಿ... ಟೊಮೇಟೊನಾ?"

"ಏನಂದೆ?"

"ಟೊಮೇಟೊ ಅಲ್ಲ! ಅದು... ಅದೇ! ಕೇಳಲ್ವಾ!"

ಡೆರ್ನಾ ನಗಲು ಶುರುಮಾಡಿದಳು. ಕಾಲನ್ನು ಕ್ಲಚ್ಚಿನ ಮೇಲೇ ಇಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಗಂಡ ಬೈಯುತ್ತಿದ್ದ! ಆ ಕೊಳವೆಗೆ ಬಿದ್ದ ದಂಡ ಆ ದಿನದಲ್ಲೇ ಅತಿ ದೊಡ್ಡದು, ಅವಳಿಗೆ ಅದರಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಮುಂದಿನದಕ್ಕೆ ಅವಳ ಕಾಲು ಕಲಿತಿತು. ಅದರ ಮುಂದಿನದಕ್ಕೆ ಅಧಿಕಾರಿ ಎದ್ದು ನಿಂತು ನೋಡಿದ. ಗುಡ್ಡದ ನೆತ್ತಿ ದಾಟಿ ಇಳಿಜಾರಿಗೆ ಬರುವಷ್ಟರಲ್ಲಿ ಲಿಬೆರೋ ಕಿಟಕಿಯ ಮೇಲೆ ಮೊಣಕೈ ಊರಿ ಕೂತಿದ್ದ, ಬಸ್ಸಿನಲ್ಲಿ ಕೂರುತ್ತಿದ್ದ ಹಾಗೆ. ಆದರೂ ಡೆರ್ನಾಗೆ ಗೊತ್ತಿತ್ತು, ಇದೆಲ್ಲ ಮರಗಳ ಎದುರಿನ ಧೈರ್ಯ. ಕೊನೆಯ ಕೊಳವೆ ಮೋದಿಲ್ಯಾನಾದ ಚೌಕದಲ್ಲಿ, ಬಾರಿನ ಬಾಗಿಲೆದುರಿಗೇ ಇತ್ತು. ಊರಿಗೆ ಊರೇ ಅಲ್ಲಿರುತ್ತಿತ್ತು. ಅವನನ್ನು ನೋಡಿ ನಕ್ಕ ಊರು.

ಚೌಕ ಕಿಕ್ಕಿರಿದಿತ್ತು. ಧ್ವನಿವರ್ಧಕದಲ್ಲಿ ಯಾರೋ ಅವರ ಹೆಸರು ಕೂಗಿದರು. ಮೊದಲೇ ಬಂದು ಮುಟ್ಟಿದ್ದ ಗಾಸ್ತೋನೆ ಬಾರಿನ ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಲಿಬೆರೋ ಅವನನ್ನು ನೋಡಿದ. ಆ ಬಾಗಿಲನ್ನೂ ನೋಡಿದ. ಕಾರು ಹೆಜ್ಜೆಹೆಜ್ಜೆಯಾಗಿ ತೆವಳುತ್ತಿತ್ತು. ಜನ ಸದ್ದು ನಿಲ್ಲಿಸಿದರು, ಇಂಥ ಹೊತ್ತಿನಲ್ಲಿ ಹಾಗೆ ಸುಮ್ಮನಾಗುವುದು ಇಲ್ಲಿಯ ಮರ್ಯಾದೆ. ಕಿಟಕಿಯಿಂದ ಅವನ ದನಿ ಚೌಕಕ್ಕೆಲ್ಲ ಕೇಳಿಸುವಂತಿತ್ತು.

"ಒಂದು. ಎರಡು."

ಅಷ್ಟಕ್ಕೇ ನಿಂತಿತು.

ಮೂರು ಡೆರ್ನಾಳ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದರೆ ಕೊಳವೆ ಸರಿಯಾಗಿ ಸಿಗುತ್ತಿತ್ತು, ಬೆಳಿಗ್ಗೆ ಸಿಕ್ಕ ಹಾಗೆ. ಅವಳು ನಾಲಿಗೆ ಕಚ್ಚಿ ಹಿಡಿದಳು. ಕೆಟ್ಟರೆ ಕೆಡಲಿ, ಇದು ಅವನ ಎಣಿಕೆ. ಅವನು ಹೇಳುವ ತನಕ ಈ ಗಾಲಿ ಕೊಳವೆ ಮುಟ್ಟುವುದಿಲ್ಲ, ಕತ್ತಲಾಗುವ ತನಕ ತೆವಳಬೇಕಾಗಿ ಬಂದರೂ ಸರಿಯೇ.

"ನಾಲ್ಕು," ಅಂದ ಲಿಬೆರೋ. ಮೂರನ್ನು ಅವನು ಒಳಗೇ ಎಣಿಸಿಕೊಂಡಿದ್ದ. "ಐದು. ಆರು!"

ಗಾಲಿ ಬಿತ್ತು.

ಧ್ವನಿವರ್ಧಕದವನು ಅಂಕಿ ಓದಿ, ನಂಬಿಕೆಯಾಗದೆ ಇನ್ನೊಮ್ಮೆ ಓದಿದ. ಸೆಕೆಂಡಿನ ನೂರರಲ್ಲಿ ಒಂದೇ ಪಾಲು ಹೆಚ್ಚುಕಮ್ಮಿ. ಜನ ಹೋ ಎಂದರು. ಬೆಳಗಿನ ದಂಡಗಳೆಲ್ಲ ಸೇರಿ ಅವರು ಪಟ್ಟಿಯಲ್ಲಿ ಎಲ್ಲೋ ನಡುವಿಗಿಂತ ಕೆಳಗೆ ಬಂದರು, ಗಾಸ್ತೋನೆ ಮೂರನೆಯವನಾದ. ಅದನ್ನು ಯಾರು ಕೇಳುತ್ತಾರೆ ಬಿಡಿ.

ಕಾರು ನಿಲ್ಲಿಸಿದ ಮೇಲೆ ಡೆರ್ನಾ ಅವನನ್ನು ಮನೆಗೆ ಕರೆದೊಯ್ಯಲು ಬಾಗಿಲು ತೆರೆದಳು. ಅವನು ಅವಳ ಕೈ ಸರಿಸಿದ. ಕಾಲೆಳೆಯುತ್ತ ನೇರವಾಗಿ ಬಾರಿನ ಮೆಟ್ಟಿಲು ಹತ್ತಿದ. ಗಾಸ್ತೋನೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡ.

"ಲಿಬೆರೋ," ಅಂದ ಅವನು. "ಆವತ್ತು ನಾನು... ನಂಗೆ ಗೊತ್ತಿರ್ಲಿಲ್ಲ ಕಣೋ. ಬರಬೇಕಿತ್ತು ನಾನು. ಮುಖ ಇರ್ಲಿಲ್ಲ."

ಲಿಬೆರೋ ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಕಾಫಿ ಯಂತ್ರದ ಹಿಂದಿದ್ದ ಇಯೋಲೆ, ಆ ಬಾರನ್ನು ನಡೆಸುವಾಕೆ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಕಾದಳು. ಡೆರ್ನಾ ಅವರ ಹಿಂದೆಯೇ ಒಳಗೆ ಬಂದಳು.

ಅವನು ಎಡಗೈ ಬೆರಳಿನಿಂದ ಡೆರ್ನಾಳನ್ನು ತೋರಿಸಿದ. "ಒಂದು." ಗಾಸ್ತೋನೆಯ ಎದೆಗೆ ಚುಚ್ಚಿದ. "ಎರಡು." ತನ್ನ ಎದೆ ಮುಟ್ಟಿಕೊಂಡ. "ಮೂರು." ಆಮೇಲೆ ಒಂದು ಗಳಿಗೆ ತಡೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಏಣಿ."

ಡೆರ್ನಾಗೆ ಜೀವವೇ ಹೋದಂತಾಯಿತು. ಅಷ್ಟರಲ್ಲಿ ಅವನ ಬಾಯಿಯ ಎಡ ಮೂಲೆ ನಗುತ್ತಿದ್ದದ್ದು ಕಂಡಿತು. ತುಂಟ! ಬೇಕೆಂದೇ ಹೇಳಿದ್ದ.

ಇಯೋಲೆ ಕಣ್ಣು ಕೂಡ ಮಿಟುಕಿಸಲಿಲ್ಲ. "ಏಣಿಗೆ ಸಕ್ಕರೆ ಹಾಕ್ಲಾ, ಹಾಗೇ ಕುಡೀತೀರಾ?"

ಮೊದಲು ನಕ್ಕವನು ಲಿಬೆರೋ. ಅವನು ನಕ್ಕ ಮೇಲೆಯೇ ಬಾರು ನಕ್ಕಿತು. ಗಾಸ್ತೋನೆ ನಗಲು ಹೋಗಿ ಅತ್ತ. ಟೋಪಿಯಿಂದ ಮುಖ ಮುಚ್ಚಿಕೊಂಡು ಕೊಡಪಾನದಂಥ ಹೊಟ್ಟೆ ಕುಲುಕಿಸುತ್ತ ಅತ್ತ.

"ಕುಡಿ," ಅಂದ ಲಿಬೆರೋ, ಕಾಫಿ ಬಟ್ಟಲನ್ನು ಅವನ ಮುಂದೆ ಸರಿಸಿ.

ಮೂವರೂ ನಿಂತುಕೊಂಡೇ ಕುಡಿದರು. ಹೊರಗೆ ಆಪಿಯಾದ ಸುತ್ತ ಜನ ಸೇರಿದ್ದರು. ಯಾರೋ ಹಿಂದಿನ ಬಾಗಿಲು ತೆರೆದು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಡೆರ್ನಾ ಬಟ್ಟಲು ಕೆಳಗಿಟ್ಟು ಗಂಡನನ್ನು ಕೇಳಿದಳು. "ಹಾಗಾದ್ರೆ ಕಾರು? ನಾಳೆ ಕೋಳಿಗೂಡಿಗೆ ಬಿಟ್ಟು ಬರ್ಲಾ?"

ಲಿಬೆರೋ ಪದ ಹುಡುಕಿದ. ಈ ಸಲ ಅವಳು ಅವಸರ ಮಾಡಲಿಲ್ಲ, ಗಾಸ್ತೋನೆಯೂ ಮಾಡಲಿಲ್ಲ.

"ಕೋಳಿಗೆ," ಅಂದ ಅವನು, "ಬೇರೆ... ಬೇರೆ ಮನೆ."